ಹಳೇ ಸ್ಪೀಡ್‌ಮಾಸ್ಟರ್‌ಗೆ ಯಾವ ಚೈನು?

ನನ್ನದು ಒಮೆಗಾ ಸ್ಪೀಡ್‌ಮಾಸ್ಟರ್ ಕೈಗಡಿಯಾರ, ಮಾದರಿ 145.022, ಹಿಂದಿನ ಮುಚ್ಚಳದ ಒಳಗೆ 69 ಅಂತ ಕೊರೆದಿರುವುದು. ಇದಕ್ಕೆ ಮೂರು ಸ್ಟೀಲ್ ಚೈನು ಹಾಕಿ ನೋಡಿದೆ: ಒಮೆಗಾದ್ದೇ 1039, 1171, ಜೊತೆಗೆ ಜೆಬಿ ಚಾಂಪಿಯನ್ ಜಾಲರಿ.

ಚೆಂದ ಅಂದ್ರೆ 1039. ಚಪ್ಪಟೆ ಕೊಂಡಿಗಳು, ಬಕಲ್ ಕಡೆ ಹೋಗ್ತಾ ಕಿರಿದಾಗುತ್ತೆ. ಬಕಲ್ ಒಳಗೆ 3/69 ಅಂತಿದ್ದರೆ 1969ರ ಜುಲೈನಿಂದ ಸೆಪ್ಟೆಂಬರ್ ಒಳಗಿನ ಸರಕು. ಆದರೆ ಮುದ್ರೆ ನೋಡಿ ದುಡ್ಡು ಕೊಡಬೇಡಿ, ವಾಚಿಗೆ ಸೇರುವ ತುದಿಯ ಕೊಂಡಿ ನೋಡಿ. ಅದರ ಮೇಲೆ 516 ಇರಬೇಕು. ಇದೇ ಮುಖದ ಅಣ್ಣ ಒಬ್ಬನಿದ್ದಾನೆ, 7912. ಅದು 105.003ರಂಥ ಹಳೇ ಸ್ಪೀಡ್‌ಮಾಸ್ಟರ್‌ಗೆ, ಅದರಲ್ಲಿ ಚೈನು ಕೂರುವ ಜಾಗದ ಅಗಲ 19 ಮಿಮೀ. ನಮ್ಮದು 20. ಒಂದು ಮಿಲಿಮೀಟರ್ ತಾನೇ ಅನ್ನಬೇಡಿ, ಹಾಕಿದರೆ ಪಕ್ಕದ ಸಂದು ಕಣ್ಣಿಗೆ ಹೊಡೆಯುತ್ತೆ. 1039ರ ತೊಂದರೆ ಎರಡು: ಕೈರೋಮ ಕೀಳುತ್ತೆ, ಬೆಲೆಯಂತೂ ಮೂರರಲ್ಲೂ ಜಾಸ್ತಿ. ಕೊಳ್ಳುವ ಮುಂಚೆ ಅಡ್ಡ ಹಿಡಿದು ನೋಡಿ. ಸವೆದಿದ್ದರೆ ಜೋತು ಬೀಳುತ್ತೆ, ಸರಿಮಾಡಿಸೋದು ಸುಲಭವಲ್ಲ.

1171 ಗಟ್ಟಿ ಆಸಾಮಿ. ತುದಿ ಕೊಂಡಿ 633. ತಗಡು ಮಡಚಿ ಮಾಡಿದ್ದು, ಕೈ ಆಡಿಸಿದರೆ ಗಲಗಲ ಅನ್ನುತ್ತೆ. ದಿನಾ ಆಫೀಸಿಗೆ ಹಾಕೋಕೆ ಅಡ್ಡಿಯಿಲ್ಲ. ಆದರೆ ಇದು ಎಪ್ಪತ್ತರ ದಶಕದ ಚೈನು, 69ರ ವಾಚಿಗೆ ಹಾಕಿದರೆ ತಿಳಿದವರು ಹುಬ್ಬೇರಿಸುತ್ತಾರೆ.

ಜಾಲರಿ ಒಮೆಗಾದ್ದಲ್ಲ, ಅಮೆರಿಕದ್ದು. ಆದರೂ ಕಾಲಕ್ಕೆ ಸರಿ, ಅಪೊಲೊ ಗಗನಯಾತ್ರಿಗಳ ಕೈಯಲ್ಲೇ ಇತ್ತಲ್ವಾ! (ಸೂಟಿನ ಮೇಲೆ ಕಟ್ಟುತ್ತಿದ್ದದ್ದು ಮಾತ್ರ ಉದ್ದದ ವೆಲ್ಕ್ರೋ ಪಟ್ಟಿ.) ತೂಕವೇ ಗೊತ್ತಾಗಲ್ಲ. ಬಕಲನ್ನು ಜಾಲರಿಯ ಮೇಲೆ ಸರಿಸಿ ಬೇಕಾದ ಕಡೆ ಕಚ್ಚಿಸಬಹುದು, ಹಾಗಾಗಿ ಸೆಖೆಯಲ್ಲಿ ಮಣಿಕಟ್ಟು ಊದಿದಾಗ ಕೊಂಡಿ ಬಿಚ್ಚುವ ರಗಳೆ ಇಲ್ಲ. ತುದಿ ನೇರ, ಅದಕ್ಕೇ ವಾಚಿಗೂ ಚೈನಿಗೂ ನಡುವೆ ಖಾಲಿ ಜಾಗ ಕಾಣುತ್ತೆ. ನನಗೆ ಅದು ಇಷ್ಟವೇ. ಹಳೇದು ಸಿಗದಿದ್ದರೆ ಫಾರ್ಸ್ಟ್‌ನರ್ ಹೆಸರಲ್ಲಿ ಹೊಸದು ಬರುತ್ತೆ.

ಈಗ ಕೈಯಲ್ಲಿರೋದು ಜಾಲರಿ. ಮದುವೆ ಮನೆಗೆ 1039. ಎಪ್ಪತ್ತರ ನಡುವಿನ 145.022 ಇದ್ದವರು ಯಾರಾದರೂ ಕೇಳಿದರೆ 1171 ಕೊಟ್ಟುಬಿಡುತ್ತೇನೆ.