ಮಾಸ್ಟರ್ ಆಫ್ ಓರಿಯನ್ 2: ಎರಡೂವರೆ ವರ್ಷ ಆಡಿದ್ಮೇಲೆ ಬರೀತಿದೀನಿ

ನಾನು ಗೇಮ್ ಆಡೋಳೇ ಅಲ್ಲ. ಫೋನಲ್ಲಿ ಓಡೋದು, ಗುಂಡು ಹೊಡೆಯೋದು ಎಲ್ಲಾ ನೋಡಿದ್ದೆ, ಒಂದೂ ಹಿಡಿಸಿರ್ಲಿಲ್ಲ, ಇನ್ನು ಅಂತರಿಕ್ಷ ನೌಕೆ ಅಂದ್ರಂತೂ ನಂಗೂ ಅದಕ್ಕೂ ಸಂಬಂಧಾನೇ ಇರ್ಲಿಲ್ಲ. ಅಮ್ಮಂಗೆ ಸೊಂಟದ ಆಪರೇಷನ್ ಆಗಿ ರಾತ್ರಿ ಪಕ್ಕದಲ್ಲೇ ಎಚ್ಚರ ಇರ್ಬೇಕಾದಾಗ ಅಣ್ಣನ ಮಗ ನನ್ನ ಹಳೇ ಲ್ಯಾಪ್‌ಟಾಪಿಗೆ ಗ್ರಹಗಳನ್ನ ಹಿಡಿದು ಅಂತರಿಕ್ಷ ಸಾಮ್ರಾಜ್ಯ ಕಟ್ಟೋ ಈ ಗೇಮನ್ನ ಹಾಕಿಕೊಟ್ಟು, "ಅತ್ತೆ, ನೀವು ಟರ್ನ್ (ಸರದಿ) ಮುಗಿಸೋ ಬಟನ್ ಒತ್ತೋವರ್ಗೂ ಇದ್ರಲ್ಲಿ ಒಂದು ನೊಣಾನೂ ಅಲ್ಲಾಡಲ್ಲ" ಅಂದ.

ಆ ಮಾತು ನಿಜ, ನಾನು ಇದಕ್ಕೆ ಅಂಟ್ಕೊಂಡಿದ್ದೂ ಅದಕ್ಕೇ. ಅಮ್ಮ ನೀರು ಕೇಳಿದ್ರೆ ಎದ್ದು ಹೋಗಿ, ಮಗ್ಗುಲು ತಿರುಗಿಸಿ, ಅರ್ಧ ಗಂಟೆ ಮಾತಾಡಿ ವಾಪಸ್ ಬಂದ್ರೂ ನನ್ನ ಗ್ರಹಗಳು ಬಿಟ್ಟ ಜಾಗದಲ್ಲೇ ಇರ್ತಿದ್ವು. ಯುದ್ಧಾನೂ ಸರದಿ ಪ್ರಕಾರಾನೇ.

1996ರ ಗೇಮ್ ಇದು, ಸಿಮ್‌ಟೆಕ್ಸ್ ಮಾಡಿದ್ದು, ಈಗಲೂ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ಕೋಬಹುದು, ಹಳೇ ಗೇಮ್‌ಗಳನ್ನ ಓಡಿಸೋ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರಲ್ಲಿ ಓಡತ್ತೆ, ಎಂಥಾ ಡಬ್ಬಾ ಕಂಪ್ಯೂಟರ್ ಆದ್ರೂ ಸಾಕು. 13 ಜನಾಂಗ ಇವೆ, ಯಾವ್ದೂ ಬೇಡ ಅಂದ್ರೆ 10 ಪಾಯಿಂಟಲ್ಲಿ ನಮ್ದೇ ಒಂದು ಮಾಡ್ಕೋಬಹುದು. ನಾನು ಶುರು ಮಾಡಿದ್ದು ಮನುಷ್ಯರನ್ನ ಇಟ್ಕೊಂಡು. ಹೊಸ ಗ್ರಹಗಳಲ್ಲಿ ಜನ ಇಳಿಸಿದ್ದೇ ಇಳಿಸಿದ್ದು, ಆದ್ರೆ ಒಂದು ಗ್ರಹದ ಅನ್ನ ಇನ್ನೊಂದಕ್ಕೆ ಹೋಗ್ಬೇಕಂದ್ರೆ ಫ್ರೈಟರ್, ಅಂದ್ರೆ ಸರಕು ಸಾಗಿಸೋ ಹಡಗು ಬೇಕು ಅಂತ ಗೊತ್ತಿರ್ಲಿಲ್ಲ, ಒಂದು ಕಡೆ ಧಾನ್ಯ ಮಿಕ್ಕಿ ಇನ್ನೊಂದು ಕಡೆ ಜನ ಹಸಿವಿಂದ ಸಾಯ್ತಿದ್ರು, ನಂಗೆ ನಿಜವಾಗ್ಲೂ ಸಂಕಟ ಆಗಿತ್ತು. ಮುಂದಿನ ಆಟದಲ್ಲಿ ಯುದ್ಧನೌಕೆ ಜಾಸ್ತಿ ಕಟ್ಟಿ ಖಜಾನೆ ಬರಿದಾಯ್ತು, ಯಾಕಂದ್ರೆ ಎಷ್ಟು ನೌಕೆ ಸಾಕ್ಬಹುದು ಅನ್ನೋ ಮಿತಿಗೆ ಕಮಾಂಡ್ ಪಾಯಿಂಟ್ ಅಂತಾರೆ, ಅದು ಮೀರಿದ್ರೆ ಮೀರಿದ ಒಂದೊಂದು ಪಾಯಿಂಟಿಗೂ ಪ್ರತಿ ಟರ್ನ್ 10 ಬಿಸಿ (ಗೇಮಿನ ದುಡ್ಡು) ಕಟ್ ಆಗತ್ತೆ.

ನಂಗೆ ಎಲ್ಲಕ್ಕಿಂತ ಇಷ್ಟ ಸಂಶೋಧನೆಯ ಭಾಗ. ಸಾಮಾನ್ಯ ಜನಾಂಗ ಆದ್ರೆ ಒಂದು ಹಂತದಲ್ಲಿ ಒಂದೇ ತಂತ್ರಜ್ಞಾನ ಆರಿಸ್ಕೋಬೇಕು, ಉಳಿದಿದ್ದು ಬೇಕಂದ್ರೆ ಬೇರೆಯವರ ಹತ್ರ ವಿನಿಮಯ ಮಾಡ್ಕೋಬೇಕು, ಇಲ್ಲಾ ಕದೀಬೇಕು, ಇಲ್ಲಾ ಗೆದ್ದು ತರ್ಬೇಕು. ಶುರುವಲ್ಲೇ ಆಟೋಮೇಟೆಡ್ ಫ್ಯಾಕ್ಟರಿ, ಮಿಸೈಲ್ ಬೇಸ್, ಹೆವಿ ಆರ್ಮರ್ ಮೂರರಲ್ಲಿ ಒಂದು ಅಂತ ಕೇಳತ್ತೆ. ಭಯಕ್ಕೆ ತಿಂಗಳುಗಟ್ಟಲೆ ಮಿಸೈಲ್ ಬೇಸೇ ಆರಿಸ್ತಿದ್ದೆ, ಒಂದ್ಸಲ ಫ್ಯಾಕ್ಟರಿ ಆರಿಸಿ ನೋಡಿದ್ಮೇಲೆ ಆಟದ ವೇಗಾನೇ ಬೇರೆ ಆಯ್ತು. ಅಮ್ಮ ಅಳಗುಳಿಮಣೆ ಆಡೋವಾಗ ಒಂದು ಗುಳಿ ಬಳಿದ್ರೆ ಕೊನೇ ಹರಳು ಎಲ್ಲಿ ಬೀಳತ್ತೆ ಅಂತ ಮನಸ್ಸಲ್ಲೇ ಎಣಿಸಿ ಆಮೇಲೆ ಕೈ ಹಾಕ್ತಿದ್ಲು, ಆ ಎಣಿಕೆಯ ಸುಖಾನೇ ಇಲ್ಲೂ ಸಿಕ್ಕಿದ್ದು. ಅವಳಿಗೂ ಈಗ ಆಸಕ್ತಿ ಬಂದಿದೆ, "ಆ ಕಲ್ಲು ತಿನ್ನೋರು ಏನಾದ್ರೇ?" ಅಂತ ಕೇಳ್ತಾಳೆ. ಸಿಲಿಕಾಯ್ಡ್ ಅಂತ, ಊಟಾನೇ ಬೇಡ ಅವ್ರಿಗೆ, ಆದ್ರೆ ಸಂಖ್ಯೆ ಬೆಳೆಯೋದು ನಿಧಾನ, ಯಾರೂ ಸ್ನೇಹಕ್ಕೂ ಸೇರ್ಸಲ್ಲ.

ಕೊರತೆ ಅಂದ್ರೆ, ಗ್ರಹಗಳು ಮೂವತ್ತು ದಾಟಿದ್ಮೇಲೆ ಒಂದೊಂದಕ್ಕೂ ಏನು ಕಟ್ಟೋದು ಅಂತ ಹೇಳಿ ಹೇಳಿ ಸಾಕಾಗತ್ತೆ. ಅಕ್ಷರನೂ ಹಳೇ ಕಾಲದ್ದು, ಕನ್ನಡಕ ಬೇಕೇ ಬೇಕು. ಹೊಸಬ್ರು ಮ್ಯಾನ್ಯುಯಲ್ ಓದಿ ಕೂತ್ರೆ ಒಳ್ಳೇದು, ಗೇಮ್ ತಾನಾಗೇ ಹೆಚ್ಚೇನೂ ಹೇಳ್ಕೊಡಲ್ಲ.

ಓರಿಯನ್ ಅನ್ನೋ ನಕ್ಷತ್ರವನ್ನ ಕಾಯೋ ಗಾರ್ಡಿಯನ್ ಅನ್ನೋ ಬಲವಾದ ನೌಕೆನ ಸೋಲಿಸೋಕೆ ನಂಗೆ ಒಂದೂವರೆ ವರ್ಷ ಹಿಡೀತು. ಬೆಳಗಿನ ಜಾವ ಮೂರು ಗಂಟೆ, ಎಬ್ಬಿಸಿ ಹೇಳೋಣ ಅಂದ್ರೆ ಅಮ್ಮ ಅಪರೂಪಕ್ಕೆ ಗಾಢ ನಿದ್ದೆ ಮಾಡ್ತಿದ್ಲು, ಹಾಗಾಗಿ ಸೇವ್ ಮಾಡಿ ಬೆಳಗ್ಗೆ ಕಾಫಿ ಜೊತೆ ತೋರಿಸ್ದೆ.

5ಕ್ಕೆ ನಾಲ್ಕೂವರೆ ಕೊಡ್ತೀನಿ. ಅಮ್ಮ ಈಗ ಕೋಲು ಹಿಡ್ಕೊಂಡು ಓಡಾಡ್ತಾಳೆ, ರಾತ್ರಿ ಎಚ್ಚರ ಇರೋ ಅಗತ್ಯ ಇಲ್ಲ, ಆದ್ರೂ ಊಟ ಆದ್ಮೇಲೆ ಒಂದು ಗಂಟೆ ಕೂತೇ ಕೂರ್ತೀನಿ. ಸದ್ಯ ಟ್ರೈಲೇರಿಯನ್ ಅನ್ನೋ ಜನಾಂಗಾನ ಇಟ್ಕೊಂಡು ಹ್ಯೂಜ್ ಗ್ಯಾಲಕ್ಸಿ, ಅಂದ್ರೆ ಎಲ್ಲಕ್ಕಿಂತ ದೊಡ್ಡ ನಕ್ಷೆ ನಡೀತಿದೆ, 90ನೇ ಟರ್ನು, ಎಲ್ಲರ ಮೇಲೂ ದಾಳಿ ಮಾಡೋ ಆಂಟಾರನ್ನರು ಇನ್ನೂ ಬಂದಿಲ್ಲ.