ಬಾಯಿಹುಣ್ಣಿಗೆ ಜೇನೋ, ತುಪ್ಪವೋ, ಸೀಬೆ ಚಿಗುರೋ?

ಬಾಯಿಹುಣ್ಣಿನ ಮದ್ದಿಗೆ ಹೆಸರು ಬರುವುದು ಸುಲಭ. ಸಾಮಾನ್ಯ ಸಣ್ಣ ಹುಣ್ಣು ಏನೂ ಹಚ್ಚದಿದ್ದರೂ 7ರಿಂದ 14 ದಿನದಲ್ಲಿ ತಾನೇ ಮಾಯುತ್ತದೆ. ಕೊನೆಗೆ ಹಚ್ಚಿದ್ದು ಯಾವುದೋ ಅದಕ್ಕೇ ಶಭಾಷ್. ಹಾಗಾಗಿ ಎಷ್ಟು ಬೇಗ ವಾಸಿಯಾಯಿತು ಅಂತ ನಾನು ಲೆಕ್ಕ ಇಡಲಿಲ್ಲ. ಹಚ್ಚಿದ ಮೇಲೆ ಸಾರನ್ನ ಉಣ್ಣಲು ಆಯಿತೇ? ಅಷ್ಟೇ ನನ್ನ ಅಳತೆ.

ಜೇನುತುಪ್ಪ ಮೊದಲು ಚುರ್ ಅನ್ನುತ್ತದೆ, ಆಮೇಲೆ ತಂಪು. ತುಪ್ಪ ಉರಿಯುವುದೇ ಇಲ್ಲ, ಆದರೆ ಎಂಜಲಿನಲ್ಲಿ ಜಾರಿಹೋಗುತ್ತದೆ. ಹುಣ್ಣಿನ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಮೆತ್ತಗೆ ಒತ್ತಿ ಒಣಗಿಸಿ ಹಚ್ಚಿದರೆ ಎರಡೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಹಗಲಿಗೆ ಜೇನು, ಹಲ್ಲುಜ್ಜಿ ಮಲಗುವಾಗ ತುಪ್ಪ: ರಾತ್ರಿಯಿಡೀ ಹಲ್ಲಿಗೆ ಸಕ್ಕರೆ ಅಂಟಿರುವುದು ಬೇಡ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ಕೊಡಲೇಬಾರದು.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಊಟದ ಮೇಲೆ ಒಳ್ಳೆಯದು, ಊಟಕ್ಕೆ ಮುಂಚೆ ನನಗೆ ಪ್ರಯೋಜನ ಕಾಣಲಿಲ್ಲ. ಪಟಕದ ಪುಡಿ? ಕಣ್ಣಲ್ಲಿ ನೀರು ಬಂತು, ಡಬ್ಬಿ ಮುಚ್ಚಿಟ್ಟೆ.

ಒಣಕೊಬ್ಬರಿ, ಗಸಗಸೆ ಜಗಿಯಿರಿ ಅನ್ನುತ್ತಾರೆ. ಹುಣ್ಣು ಕೆನ್ನೆಯ ಒಳಗಿದ್ದರೆ ಕೊಬ್ಬರಿಯ ಚೂರೇ ಅದನ್ನು ಕೆರೆಯುತ್ತದೆ. ಅದರ ಬದಲು ತೆಂಗಿನಹಾಲನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದು ಎಷ್ಟೋ ವಾಸಿ. ಸೀಬೆ ಚಿಗುರನ್ನು ತೊಳೆದು ಜಗಿದರೆ ಒಗರಿಗೆ ಬಾಯಿ ಬಿಗಿಯುತ್ತದೆ, ನೋವು ಮಂಕಾಗುತ್ತದೆ. ಬರೀ ಹಚ್ಚುವ, ಜಗಿಯುವ ಮದ್ದುಗಳಲ್ಲಿ ನನ್ನ ಮತ ಇದಕ್ಕೇ. ಜಾಜಿ ಎಲೆಯೂ ಹೀಗೇ, ಕಹಿ ಮಾತ್ರ ಜಾಸ್ತಿ.

ಎಲ್ಲದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಗಣಿಕೆ ಸೊಪ್ಪಿನ ತಂಬುಳಿ. ಸೊಪ್ಪು, ಜೀರಿಗೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಮೆಣಸಿನಕಾಯಿ ಬೇಡ, ಮಜ್ಜಿಗೆ ಹುಳಿಯಾಗಿರಬಾರದು. ಸೊಪ್ಪು ಹಸಿಯಾಗಿ ತಿನ್ನುವಂಥದ್ದಲ್ಲ; ಹಸಿರು ಕಾಯಿ ವಿಷ, ಆರಿಸಿ ತೆಗೆಯಿರಿ. ಗುಣ ಸೊಪ್ಪಿನದು ಅಂತ ನಮ್ಮತ್ತೆ, ಖಾರವಿಲ್ಲದ ತಣ್ಣನೆ ಊಟದ್ದು ಅಂತ ನಾನು. ಬಟ್ಟಲು ಖಾಲಿಯಾಗುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಮತ್ತೆ ಮತ್ತೆ ಬರುವ ಹುಣ್ಣಿಗೆ 'ಉಷ್ಣ' ಅಂದು ಸುಮ್ಮನಾಗಬೇಡಿ. ಕಬ್ಬಿಣ, ಫೋಲೇಟ್, ಬಿ12 ಕಡಿಮೆಯಾದರೂ ಹೀಗಾಗುತ್ತದೆ. ಸೊಪ್ಪಿನಲ್ಲಿ ಫೋಲೇಟ್ ಸಿಗುತ್ತದೆ, ಬಿ12 ಸಿಗುವುದಿಲ್ಲ; ಹಾಲು, ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳು ರಕ್ತಪರೀಕ್ಷೆ ಮಾಡಿಸುವುದು ಮೇಲು. ಟೂತ್‌ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರ ಬಾಯಿಗೆ ಒಗ್ಗುವುದಿಲ್ಲ. ಅದಿಲ್ಲದ ಪೇಸ್ಟಿಗೆ ಬದಲಾದ ಮೇಲೆ ನನಗೆ ಹುಣ್ಣು ಅಪರೂಪವಾಗಿದೆ. ಮೆತ್ತನೆಯ ಬ್ರಷ್ ಕೂಡ ಆಗಲೇ ತಂದಿದ್ದೆ ಅನ್ನಿ.

ಮೂರು ವಾರ ಕಳೆದರೂ ಮಾಯದ ಹುಣ್ಣು, ನೋವಿಲ್ಲದ್ದಾದರೂ ಸರಿ, ದಂತವೈದ್ಯರಿಗೆ ತೋರಿಸಬೇಕು. ಅಡಿಕೆ, ಹೊಗೆಸೊಪ್ಪು ಹಾಕುವವರು ಅಷ್ಟು ದಿನವೂ ಕಾಯದಿರುವುದು ಲೇಸು.