ಅಟ್ಲಾಂಟಿಕ್ ಜೈಂಟ್ ಕುಂಬಳದ ಬೀಜ: ಬೀಜಕ್ಕೆ ಪೂರ್ಣ ಅಂಕ, ಕರಪತ್ರಕ್ಕೆ ಅರ್ಧ

ದೈತ್ಯ ಗಾತ್ರದ ಕುಂಬಳಕಾಯಿ ಬೆಳೆಯಬೇಕೆಂದು ಹೊರಟವರಿಗೆ ತಳಿಯ ವಿಷಯದಲ್ಲಿ ಹೆಚ್ಚಿನ ಆಯ್ಕೆಯೇನೂ ಇಲ್ಲ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ರೈತ ಹೋವರ್ಡ್ ಡಿಲ್ ವರ್ಷಗಟ್ಟಲೆ ಆರಿಸಿ ಆರಿಸಿ ರೂಪಿಸಿದ ಅಟ್ಲಾಂಟಿಕ್ ಜೈಂಟ್ ತಳಿಯ ಸಂತತಿಯೇ ಇಂದು ತೂಕದ ಸ್ಪರ್ಧೆಗಳನ್ನು ಆಳುತ್ತಿದೆ. 2023ರಲ್ಲಿ ಅಮೆರಿಕದ ಹಾಫ್ ಮೂನ್ ಬೇಯಲ್ಲಿ 1,247 ಕೆಜಿ ತೂಗಿ ಅಂದಿನ ವಿಶ್ವದಾಖಲೆ ಬರೆದ ಕಾಯಿಯೂ ಈ ವಂಶದ್ದೇ. ನಾನು ಅಂಚೆಯ ಮೂಲಕ ತರಿಸಿಕೊಂಡದ್ದು ಈ ತಳಿಯ ಐದು ಬೀಜಗಳ ಪೊಟ್ಟಣ, ಜೊತೆಗೊಂದು ಬೇಸಾಯದ ಕರಪತ್ರ. ಎರಡು ಹಂಗಾಮು ಬೆಳೆದು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಬೀಜದ ಬಗ್ಗೆ ದೂರಿಲ್ಲ. ಹೆಬ್ಬೆರಳ ಉಗುರಿನಷ್ಟು ಅಗಲದ, ತುಂಬಿದ ಬೀಜಗಳು. ಚೂಪಾದ ತುದಿಯೊಂದನ್ನು ಬಿಟ್ಟು ಉಳಿದ ಅಂಚನ್ನು ಉಪ್ಪುಕಾಗದದಿಂದ ತುಸು ಉಜ್ಜಿ, ಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ನೆನೆಸಿ ಬಿತ್ತಿದೆ. ಮೊದಲ ಹಂಗಾಮಿಗೆ ಹಾಕಿದ ಎರಡೂ ಮೊಳೆತವು, ಎರಡನೆಯದಕ್ಕೆ ಹಾಕಿದ ಎರಡರಲ್ಲಿ ಒಂದು ಮೊಳೆಯಿತು.

ತಕರಾರು ಇರುವುದು ಕರಪತ್ರದ ಮೇಲೆ. ಗೊಬ್ಬರಕ್ಕೆ ಒಂದು ಪುಟವನ್ನೇ ಮೀಸಲಿಟ್ಟ ಅದು, ಬಳ್ಳಿಗೆ ವಿಶಾಲವಾದ ಜಾಗ ಬಿಡಬೇಕೆಂದೂ ಪರಾಗಸ್ಪರ್ಶವನ್ನು ಜೇನುನೊಣಗಳು ನೋಡಿಕೊಳ್ಳುತ್ತವೆಂದೂ ಎರಡೇ ಸಾಲಿನಲ್ಲಿ ಹೇಳಿ ಕೈತೊಳೆದುಕೊಂಡಿದೆ. ಅದನ್ನು ನಂಬಿ ಮೊದಲ ವರ್ಷ ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟೆ. ಹಂಬುಗಳು ಒಂದರ ಮೇಲೊಂದು ಹತ್ತಿ ಹೆಣೆದುಕೊಂಡವು, ನೀರು ಹಾಕಲು ಒಳಗೆ ಕಾಲಿಡುವುದೂ ಕಷ್ಟವಾಯಿತು. ಹೆಣ್ಣುಹೂಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ಉಳಿದ ಒಂದೇ ಕಾಯಿ ಬುಡದಿಂದ ಒಂದು ಮೀಟರಿನ ಒಳಗೇ ಕಚ್ಚಿತ್ತು. ಅದು ಊದಿಕೊಳ್ಳುತ್ತ ಹೋದಂತೆ ಹೆಗಲು ಬಳ್ಳಿಯನ್ನು ಮೇಲಕ್ಕೆ ಒತ್ತಿತು, ಗೆಣ್ಣಿನ ಬೇರುಗಳು ಅದೇ ಬಳ್ಳಿಯನ್ನು ಕೆಳಕ್ಕೆ ಹಿಡಿದುಕೊಂಡಿದ್ದವು, ನಡುವೆ ಸಿಕ್ಕ ತೊಟ್ಟು ಒಂದು ಬೆಳಿಗ್ಗೆ ಸೀಳಿತ್ತು.

ಎರಡನೆಯ ವರ್ಷ ಕರಪತ್ರವನ್ನು ಮಡಚಿಟ್ಟು, ಅನುಭವಿ ಬೆಳೆಗಾರರು ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನೇ ಹಿಡಿದೆ. ಮುಖ್ಯ ಬಳ್ಳಿಯನ್ನು ನೇರವಾಗಿ ಒಂದೇ ದಿಕ್ಕಿಗೆ ಓಡಿಸಿ, ಅದರ ಎರಡೂ ಬದಿಗೆ ಹೊರಡುವ ಕವಲುಗಳನ್ನು ಮೀನಿನ ಮುಳ್ಳಿನ ಹಾಗೆ ಲಂಬವಾಗಿ ಹಾಯಿಸಬೇಕು. ಕವಲಿನಿಂದ ಮತ್ತೆ ಒಡೆಯುವ ಮೂರನೆಯ ಹಂತದ ಕುಡಿಗಳನ್ನು ಎಳೆಯದಾಗಿರುವಾಗಲೇ ಚಿವುಟಬೇಕು. ಕವಲು ತನ್ನ ಪಾಲಿನ ಜಾಗವನ್ನು ತುಂಬಿದ ಮೇಲೆ ಅದರ ತುದಿಯನ್ನೂ ಕತ್ತರಿಸಿ ಮಣ್ಣಿನಲ್ಲಿ ಹೂಳಬೇಕು. ಗೆಣ್ಣುಗಳ ಮೇಲೆ ಮಣ್ಣು ಮುಚ್ಚಿದರೆ ಅಲ್ಲೆಲ್ಲ ಹೊಸ ಬೇರು ಇಳಿಯುತ್ತದೆ, ಗಾಳಿಗೆ ಬಳ್ಳಿ ಮಗುಚುವ ಭಯವೂ ತಪ್ಪುತ್ತದೆ. ನಿತ್ಯ ಅರ್ಧ ಗಂಟೆಯ ಕೆಲಸ, ಒಂದು ವಾರ ಬಿಟ್ಟರೆ ಮತ್ತೆ ಕಾಡೇ. ಕಾಯಿಯನ್ನು ಮುಖ್ಯ ಬಳ್ಳಿಯ ಮೇಲೆ, ಬುಡದಿಂದ ಮೂರರಿಂದ ನಾಲ್ಕೂವರೆ ಮೀಟರ್ ದೂರದಲ್ಲಿ ಕಚ್ಚಿಸುವುದು ವಾಡಿಕೆ. ಅಷ್ಟು ಹೊತ್ತಿಗೆ ಅದಕ್ಕೆ ಆಹಾರ ಒದಗಿಸುವಷ್ಟು ಎಲೆಗಳು ಹಿಂದೆ ಸಿದ್ಧವಾಗಿರುತ್ತವೆ.

ಇನ್ನು ಪರಾಗಸ್ಪರ್ಶ. ಗಂಡುಹೂಗಳು ಮೊದಲು ಬರುತ್ತವೆ, ಹೆಣ್ಣುಹೂ ಆಮೇಲೆ. ಹೆಣ್ಣುಹೂವನ್ನು ಗುರುತಿಸುವುದು ಸುಲಭ, ಏಕೆಂದರೆ ಮೊಗ್ಗಿನ ಕೆಳಗೇ ಗೋಲಿಯಂಥ ಹೀಚು ಕುಳಿತಿರುತ್ತದೆ. ಹೂ ಅರಳುವುದು ನಸುಕಿನಲ್ಲಿ, ಮಧ್ಯಾಹ್ನದ ಒಳಗೆ ಮುದುಡಿಬಿಡುತ್ತದೆ, ಮರುದಿನ ಇನ್ನೊಂದು ಅವಕಾಶವಿಲ್ಲ. ಹಿಂದಿನ ಸಂಜೆ ಮೊಗ್ಗಿನ ತುದಿಗೆ ಹಳದಿ ಬಣ್ಣ ಇಳಿದದ್ದನ್ನು ನೋಡಿ ಹೆಣ್ಣುಮೊಗ್ಗನ್ನೂ ಮೂರು ಗಂಡುಮೊಗ್ಗುಗಳನ್ನೂ ಉಲ್ಲನ್ ದಾರದಿಂದ ಸಡಿಲವಾಗಿ ಕಟ್ಟಿದೆ. ಬೆಳಗಾಗುವ ಮುನ್ನ ಗಂಡುಹೂಗಳನ್ನು ತೊಟ್ಟು ಸಮೇತ ಕಿತ್ತು, ಎಸಳುಗಳನ್ನು ಹರಿದು ತೆಗೆದಾಗ ನಡುವಿನ ಕೇಸರ ಅರಿಶಿನ ಮೆತ್ತಿದ ಕಡ್ಡಿಯ ಹಾಗೆ ಉಳಿಯಿತು. ಹೆಣ್ಣುಹೂವಿನ ಕಟ್ಟು ಬಿಚ್ಚಿ, ನಡುವೆ ಪರಾಗ ಹಿಡಿಯುವ ಭಾಗವಾದ ಶಲಾಕಾಗ್ರದ ಪ್ರತಿ ಹಾಲೆಗೂ ಆ ಕೇಸರವನ್ನು ಮೆಲ್ಲನೆ ಸವರಿದೆ. ಒಂದು ಹಾಲೆ ಬಿಟ್ಟರೂ ಕಾಯಿ ಒಂದು ಬದಿಗೆ ಸೊಟ್ಟಗಾಗಬಹುದು. ನನ್ನ ಹೂವಿನಲ್ಲಿ ನಾಲ್ಕು ಹಾಲೆಗಳಿದ್ದವು, ಐದಿದ್ದರೆ ಇನ್ನೂ ದೊಡ್ಡ ಕಾಯಿ ಎಂಬ ನಂಬಿಕೆ ಬೆಳೆಗಾರರಲ್ಲಿದೆ. ಆಮೇಲೆ ಜೇನು ನುಗ್ಗದಂತೆ ಹೂವನ್ನು ಮತ್ತೆ ಕಟ್ಟಿ, ದಿನಾಂಕ ಬರೆದ ಚೀಟಿ ತೂಗುಹಾಕಿದೆ. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿ ಕಾಯಿ ಕಚ್ಚುವುದು ಕಷ್ಟವಾದ್ದರಿಂದ ಆ ದಿನವಿಡೀ ಹೂವಿಗೆ ನೆರಳು ಕಟ್ಟಿದ್ದೆ. ವಾರ ಕಳೆದರೂ ಹೀಚು ಹಳದಿಯಾಗದೆ ಮಿರುಗುತ್ತ ಉಬ್ಬಿದಾಗ ಗೆದ್ದೆ ಎನಿಸಿತು.

ಒಂದು ತಪ್ಪು ತಿಳಿವಳಿಕೆಯನ್ನು ಕರಪತ್ರವೂ ಹರಡಿದೆ. ಬೇರೆ ಕುಂಬಳದ ಪರಾಗ ಬಿದ್ದರೆ ಈ ಸಲದ ಕಾಯಿ ಕೆಡುತ್ತದೆ ಎನ್ನುವುದು ಸರಿಯಲ್ಲ. ಕಾಯಿಯ ಆಕಾರ, ಬಣ್ಣ ತಾಯಿ ಬಳ್ಳಿಯದೇ. ಪರಾಗದ ಪ್ರಭಾವ ಕಾಣುವುದು ಒಳಗಿನ ಬೀಜದಿಂದ ಬರುವ ಮುಂದಿನ ಪೀಳಿಗೆಯಲ್ಲಿ. ಹಾಗಾಗಿಯೇ ಸ್ಪರ್ಧೆಯ ಬೆಳೆಗಾರರು ತಮ್ಮ ಬೀಜಕ್ಕೆ ಕಾಯಿಯ ತೂಕ, ಬೆಳೆದವರ ಮನೆತನದ ಹೆಸರು, ವರ್ಷ, ಜೊತೆಗೆ ತಾಯಿ ತಂದೆ ಬಳ್ಳಿಗಳ ವಿವರ ಬರೆದಿಡುತ್ತಾರೆ. ಈ ಪೊಟ್ಟಣದ ಮೇಲೆ ತಳಿಯ ಹೆಸರಿನ ಹೊರತು ಏನೂ ಇಲ್ಲ, ಇದು ನನ್ನ ಎರಡನೆಯ ಆಕ್ಷೇಪ. ಹೊಸಬರಿಗೆ ಇದು ಅಡ್ಡಿಯಲ್ಲ, ಸ್ಪರ್ಧೆಗೆ ಇಳಿಯುವವರಿಗೆ ಮಾತ್ರ ಸಾಲದು.

ಕಚ್ಚಿದ ಮೂರು ಕಾಯಿಗಳಲ್ಲಿ ಚೆಂಡಿನ ಗಾತ್ರಕ್ಕೆ ಬಂದಾಗ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆದೆ. ತೊಟ್ಟು ಮತ್ತು ಬಳ್ಳಿಯ ನಡುವಿನ ಕೋನವನ್ನು, ಬಿಸಿಲಿಗೆ ಬಳ್ಳಿ ಮೆದುವಾಗಿರುವ ಹೊತ್ತಿನಲ್ಲಿ ದಿನಕ್ಕೆ ಒಂದೆರಡು ಬೆರಳಷ್ಟು ಸರಿಸುತ್ತ, ವಾರದಲ್ಲಿ ಲಂಬಕ್ಕೆ ತಂದೆ. ಕಾಯಿಯ ಆಸುಪಾಸಿನ ಗೆಣ್ಣುಗಳ ಬೇರನ್ನು ಕಡಿದುಬಿಟ್ಟೆ. ಇಪ್ಪತ್ತನೆಯ ದಿನದ ನಂತರ ಅಳತೆಪಟ್ಟಿ ಹಿಡಿದಾಗಲೆಲ್ಲ ಸುತ್ತಳತೆ ಬೇರೆಯೇ ಇರುತ್ತಿತ್ತು, ಹೆಗಲು ಏರಿದಂತೆ ಬಳ್ಳಿಯೂ ಜೊತೆಗೇ ಎದ್ದಿತು, ತೊಟ್ಟು ಸೀಳಲಿಲ್ಲ.

ಅಡುಗೆಗೆಂದು ಇದನ್ನು ಕೊಳ್ಳಬೇಡಿ, ತಿರುಳು ನೀರುನೀರು, ರುಚಿ ಸಪ್ಪೆ. ಒಂದು ಬಳ್ಳಿಗೆ ತೊಂಬತ್ತು ಚದರ ಮೀಟರಿನಷ್ಟು ನೆಲ ಕೊಡಲಾಗದವರಿಗೂ ಇದು ಹೊಂದುವುದಿಲ್ಲ. ಉಳಿದವರು ಧೈರ್ಯವಾಗಿ ತರಿಸಿಕೊಳ್ಳಬಹುದು. ಬಳ್ಳಿ ಮತ್ತು ಹೂವಿನ ಭಾಗವನ್ನು ವಿಸ್ತರಿಸಿ ಬರೆಯಿರೆಂದು ಮಾರಾಟಗಾರರಿಗೆ ಪತ್ರ ಬರೆದಿದ್ದೆ, ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಎಂಬ ಉತ್ತರ ಬಂದಿದೆ. ಪೊಟ್ಟಣದಲ್ಲಿ ಇನ್ನೊಂದು ಬೀಜ ಉಳಿದಿದೆ.